ಕೆಮ್ಮಿನ ಸದ್ದು ಕೇಳಿ ರೋಗ ಹೇಳೋ ಆ್ಯಪ್ ನಂಬಬಹುದಾ?

ಕುಷ್ಟಗಿಯವ:
ನಮಸ್ಕಾರ್ರೀ ಎಲ್ಲರಿಗೂ. ನಮ್ಮಪ್ಪ ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿಯಾಗ ಭಾಳ ವರ್ಷ ಕೆಲಸ ಮಾಡ್ಯಾರ. ಈಗ ಒಂದು ತಿಂಗಳಿಂದ ಕೆಮ್ಮು ಬಿಡವಲ್ದು, ಮಾಳಿಗಿ ಹತ್ತಿದ್ರ ದಮ್ಮು ಬರ್ತೈತಿ. ನಾ ಇರೋದು ಬೆಂಗಳೂರಾಗ, ಆಸ್ಪತ್ರಿಗೆ ತೋರಿಸ್ಕೊಳ್ರಿ ಅಂದ್ರ ಬಿತ್ತನಿ ಮುಗೀಲಿ ಅಂತಾರ. ಫೋನಿನ ಮೈಕಿಗೆ ಕೆಮ್ಮಿದ್ರ ಟಿಬಿನೋ ಅಸ್ತಮಾನೋ ಹೇಳೋ ಆ್ಯಪ್ ಅದಾವ ಅಂತ ಫ್ರೆಂಡ್ ಹೇಳಿದ. ತಮ್ಮನ ಕೈಲಿ ರೆಕಾರ್ಡ್ ಮಾಡಿಸ್ಲೇನು? ಅದ್ರಾಗ ನಾರ್ಮಲ್ ಅಂತ ಬಂದ್ರ ಸುಮ್ಮನಿರಬಹುದಾ?

ತೋರಣಗಲ್ಲು ಟೆಕ್:
ಟೆಕ್ನಾಲಜಿ ಏನೋ ಖರೇನೇ ಐತ್ರಿ. 2012ರಾಗನ ವಾಷಿಂಗ್ಟನ್ ಯೂನಿವರ್ಸಿಟಿಯವ್ರು ಸ್ಪೈರೋಸ್ಮಾರ್ಟ್ ಅಂತ ಮಾಡಿದ್ರು, ಫೋನ್ ಮುಂದ ಹಿಡಿದು ಜೋರಾಗಿ ಉಸಿರು ಊದಿದ್ರ ಆ ಸದ್ದಿನಿಂದನ ಗಾಳಿ ಎಷ್ಟು ಜೋರ್ ಹೊಂಟೈತಿ ಅಂತ ಲೆಕ್ಕ ಹಾಕ್ತಿತ್ತು. ಗೂಗಲ್‌ನವ್ರು ಹಿಯರ್ ಅಂತ ಒಂದು ಎಐ ಮಾಡೆಲ್ ಮಾಡ್ಯಾರ, ಸುಮಾರು 10 ಕೋಟಿ ಕೆಮ್ಮಿನ ಸದ್ದು ಕೇಳಿಸಿ ಕಲಿಸಿದ್ದು, ಹೈದರಾಬಾದಿನ ಸ್ವಾಸ ಆ್ಯಪ್‌ನವ್ರು ಅದನ್ನ ಟಿಬಿ ಸ್ಕ್ರೀನಿಂಗಿಗೆ ಹೆಂಗ ಬಳಸೋದು ಅಂತ ನೋಡಾಕತ್ಯಾರ. ನಮ್ಮ ಐಐಎಸ್‌ಸಿಯವ್ರೂ 2020ರಾಗ ಕೋಸ್ವರ ಅಂತ ಕೋವಿಡ್ ಪತ್ತೆ ಮಾಡಾಕ ಜನರ ಕೆಮ್ಮು, ಉಸಿರು, ಧ್ವನಿ ಎಲ್ಲಾ ರೆಕಾರ್ಡ್ ಮಾಡಿ ಕೂಡಿಸಿದ್ರು.

ಆದ್ರ ಒಂದು ಗಮನಿಸ್ರಿ, ಬ್ರಿಟನ್ನಿನಾಗ 67 ಸಾವಿರಕ್ಕಿಂತ ಹೆಚ್ಚು ಜನರ ರೆಕಾರ್ಡಿಂಗ್ ಇಟ್ಕೊಂಡು ಮಾಡಿದ ಸ್ಟಡಿ 2024ರಾಗ ಬಂತು, ಕೋವಿಡ್ ಹುಡುಕೋದ್ರಾಗ ಸದ್ದು ಕೇಳೋ ಎಐಗಿಂತ ಬರೇ ಲಕ್ಷಣ ಕೇಳಿ ತಿಳಿಯೋದು ಏನೂ ಕಮ್ಮಿ ಇಲ್ಲ ಅಂತ. ಅಂದ್ರ ಇವು ಯಾರಿಗೆ ಟೆಸ್ಟ್ ಮೊದ್ಲು ಮಾಡಿಸಬೇಕು ಅಂತ ಆರಿಸಾಕ ನಡೀತಾವ, ಟೆಸ್ಟ್ ಬ್ಯಾಡ ಅನ್ನಾಕ ಅಲ್ಲ.

ಸಿಂಧನೂರು ಸಿಸ್ಟರ್:
ಅಣ್ಣಾ, ಆ್ಯಪ್ ನಾರ್ಮಲ್ ಅಂದ್ರೂ ದಯವಿಟ್ಟು ಬಿಡಬ್ಯಾಡ್ರಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸ್ಲೇಬೇಕು, ಸರ್ಕಾರಿ ಆಸ್ಪತ್ರ್ಯಾಗ ಫ್ರೀ. ಕಲ್ಲಿನ ಧೂಳಿನಾಗ ದುಡಿದವ್ರಿಗೆ ಸಿಲಿಕೋಸಿಸ್ ಇರಬಹುದು, ಧೂಳು ಪುಪ್ಪುಸದಾಗ ಕೂತು ಗಾಯ ಮಾಡಿ ಪುಪ್ಪುಸನ ಗಟ್ಟಿ ಆಗ್ತೈತಿ, ಕ್ವಾರಿ ಬಿಟ್ಟು ವರ್ಷಗಟ್ಟಲೆ ಆದ ಮ್ಯಾಲೂ ಕಾಣಿಸ್ಕೊಳ್ತೈತಿ, ಅಂಥವ್ರಿಗೆ ಟಿಬಿ ಬರೋದೂ ಜಾಸ್ತಿ. ಎಕ್ಸ್‌ರೇ ಇಲ್ದ ಸಿಲಿಕೋಸಿಸ್ ಗೊತ್ತಾಗಂಗಿಲ್ಲ.

ಫೋನ್ ಉಪಯೋಗ ಆಗೋದು ಬ್ಯಾರೆ ಕಡೆ. ಹತ್ತಿರದ ಆರೋಗ್ಯ ಉಪಕೇಂದ್ರದಾಗ ಸಿಎಚ್ಒ (ಸಮುದಾಯ ಆರೋಗ್ಯ ಅಧಿಕಾರಿ) ಇದ್ರ ಸರ್ಕಾರದ ಇ-ಸಂಜೀವನಿಯಿಂದ ಡಾಕ್ಟರ್‌ಗೆ ವಿಡಿಯೋ ಕಾಲ್ ಹಚ್ಚಿ ಕೊಡ್ತಾರ, ದುಡ್ಡಿಲ್ಲ. ಮನ್ಯಾಗ ನಿಮ್ಮ ತಮ್ಮ ಫೋನಿನ ಟೈಮರ್ ಇಟ್ಟು ಅಪ್ಪ ಆರಾಮ ಕುಂತಾಗ ಪೂರಾ ಒಂದು ನಿಮಿಷ ಉಸಿರು ಎಣಿಸಲಿ, ದೊಡ್ಡವ್ರಿಗೆ 12ರಿಂದ 20 ಸರಿ. ಬೆರಳಿಗೆ ಹಾಕೋ ಆಕ್ಸಿಮೀಟರ್ ತರ್ರಿ, ಫೋನ್ ಕ್ಯಾಮರಾದ ಮ್ಯಾಲೆ ಬೆರಳಿಟ್ಟು ಆಕ್ಸಿಜನ್ ತೋರಸೋ ಆ್ಯಪ್ ನಂಬಬ್ಯಾಡ್ರಿ. ಬೆರಳು ತಣ್ಣಗಿದ್ರ, ಮೆಹಂದಿ ಹಚ್ಚಿದ್ರ ಮೀಟರೂ ತಪ್ಪು ತೋರಸ್ತೈತಿ. ಮಾತಾಡಾಕ ದಮ್ಮು ಸಾಲವಲ್ದು, ತುಟಿ ನೀಲಿ ಆಗ್ಯಾವ, ಕಫದಾಗ ರಕ್ತ ಬಂತು ಅಂದ್ರ ವಿಡಿಯೋ ಕಾಲೂ ಬ್ಯಾಡ, 108ಕ್ಕೆ ಮಾಡ್ರಿ.

ಗಂಗಾವತಿ ತಾಯಿ:
ಮಕ್ಕಳಿಗೆ ಉಸಿರು ಎಷ್ಟಿರಬೇಕ್ರಿ ಸಿಸ್ಟರ್? ನಮ್ಮ ಕಡೆ ಭತ್ತದ ಹುಲ್ಲು ಸುಡೋ ಟೈಮಿಗೆ ಮಗೀಗೆ ಕೆಮ್ಮು ಬಿಡಂಗಿಲ್ಲ.

ಸಿಂಧನೂರು ಸಿಸ್ಟರ್:
ನಿಮಿಷಕ್ಕ ಎಣಿಸಿದ್ರ 2 ತಿಂಗಳೊಳಗಿನ ಕೂಸಿಗೆ 60, 2 ತಿಂಗಳಿಂದ 1 ವರ್ಷದೊಳಗ 50, 1ರಿಂದ 5 ವರ್ಷದವ್ರಿಗೆ 40, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಆದ್ರ ನ್ಯುಮೋನಿಯಾ ಇರಬಹುದು, ತಡ ಮಾಡಬ್ಯಾಡ್ರಿ. ಅಳಾಕತ್ತಾಗ ಎಣಿಸಿದ್ರ ಲೆಕ್ಕ ತಪ್ಪತೈತಿ. ಉಸಿರು ಎಳೆಯುವಾಗ ಪಕ್ಕೆ ಒಳಗ ಎಳೀತಿದ್ರ ಎಣಿಸ್ಕೋತ ಕೂಡಬ್ಯಾಡ್ರಿ, ಆಗಿಂದಾಗ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ. ವಿಡಿಯೋ ತೆಗೆದು ತೋರಿಸಿದ್ರ ಡಾಕ್ಟರ್‌ಗೆ ಭಾಳ ಅನುಕೂಲ.

ಕುಷ್ಟಗಿಯವ:
ಥ್ಯಾಂಕ್ಸ್ ರೀ ಎಲ್ಲರಿಗೂ. ತಮ್ಮಗ ಈಗ ಫೋನ್ ಮಾಡ್ದೆ, ಸೋಮವಾರ ಕೊಪ್ಪಳ ಜಿಲ್ಲಾಸ್ಪತ್ರಿಗೆ ಕರ್ಕೊಂಡು ಹೋಗ್ತಾನ. ಬಿತ್ತನಿ ಕೆಲಸಕ್ಕ ಆಳು ಹಚ್ಚಾಕ ದುಡ್ಡು ಹಾಕೀನಿ.

ಸಿಂಧನೂರು ಸಿಸ್ಟರ್:
ಚಲೋ ಆತು. ಡಾಕ್ಟರ್ ಕೇಳ್ಲಿ ಬಿಡ್ಲಿ, ಕ್ವಾರಿಯಾಗ ಎಷ್ಟು ವರ್ಷ ಇದ್ರು, ಕಲ್ಲು ಕೊರೀತಿದ್ರಾ ಒಡೀತಿದ್ರಾ ಅನ್ನೋದನ್ನ ಮೊದ್ಲ ಹೇಳಾಕ ಹೇಳ್ರಿ.