ಮನೆ ಮಂದಿ ಗ್ರೂಪಲ್ಲಿ ಕಬ್ಬಿನ ಕಪ್ಪೆ ಜಗಳ

ಶಿವಣ್ಣ ಮಾವ: (ಫಾರ್ವರ್ಡ್) ಕಬ್ಬಿನ ಗೊಣ್ಣೆಹುಳಕ್ಕೆ ಇನ್ನು ಔಷಧಿ ಖರ್ಚೇ ಬೇಡ!! ಆಸ್ಟ್ರೇಲಿಯಾದಲ್ಲಿ ಕಪ್ಪೆ ಬಿಟ್ಟು ಕಬ್ಬು ಉಳಿಸಿಕೊಂಡರು. ಎಲ್ಲಾ ರೈತರಿಗೂ ತಲುಪಿಸಿ 🙏

ಶಿವಣ್ಣ ಮಾವ: ನೋಡ್ರಪ್ಪ, ನಮ್ ಮಂಡ್ಯ ಕಡೆಗೂ ಇದ್ನ ತರಿಸ್ಬೇಕು. ಎರಡ್ ವರ್ಷದಿಂದ ಕೂಳೆ ಕಬ್ಬೆಲ್ಲ ಒಣಗ್ತಾ ಐತೆ

ನಂದಿನಿ (ಬ್ರಿಸ್ಬೇನ್): ಮಾವ ದಯವಿಟ್ಟು ಇದನ್ನ ಯಾರಿಗೂ ಕಳಿಸ್ಬೇಡಿ. 1935ರಲ್ಲಿ ಹವಾಯಿಯಿಂದ ನೂರು ಚಿಲ್ರೆ ಕೇನ್ ಟೋಡ್ (ಮೈಯಲ್ಲಿ ವಿಷ ಇರೋ ದೊಡ್ಡ ನೆಲಗಪ್ಪೆ) ತಂದು ಇಲ್ಲಿ ಕ್ವೀನ್ಸ್‌ಲ್ಯಾಂಡಿನ ಗಾರ್ಡನ್‌ವೇಲ್ ಹತ್ರ ಮರಿ ಮಾಡಿಸಿ ಬಿಟ್ರು ನಿಜ, ಆದ್ರೆ ಕಬ್ಬೇನೂ ಉಳೀಲಿಲ್ಲ, ಗೊಣ್ಣೆಹುಳ ಬೆಳೆದು ಆಗೋ ದುಂಬಿ ಎತ್ತರದಲ್ಲಿ ಎಲೆ ತಿಂತಾ ಕೂತಿರುತ್ತೆ, ಹುಳ ಮಣ್ಣೊಳಗೆ ಬೇರು ತಿಂತಾ ಇರುತ್ತೆ, ನೆಲದ ಮೇಲೆ ಕುಪ್ಪಳಿಸೋದಕ್ಕೆ ಎರಡೂ ಸಿಗಲ್ಲ. ಟೋಡ್ ಮಾತ್ರ 2005ಕ್ಕೆ ಉತ್ತರದ ತುದಿಯ ಡಾರ್ವಿನ್ ಊರು ಮುಟ್ತು, 2009ಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಗಡಿ

ರಘು: ಅಕ್ಕ, ಹಾವು ಉಡ ಎಲ್ಲಾ ತಿಂದು ಕಮ್ಮಿ ಮಾಡಲ್ವಾ? ಪ್ರಕೃತಿನೇ ಬ್ಯಾಲೆನ್ಸ್ ಮಾಡುತ್ತಲ್ಲ

ನಂದಿನಿ: ತಿಂದಿದ್ದೇ ಸಾಯುತ್ತೆ ಕಣೋ. ಈ ಖಂಡದಲ್ಲಿ ಟೋಡ್ ಜಾತಿನೇ ಇರ್ಲಿಲ್ಲ, ಹಾಗಾಗಿ ಇಲ್ಲಿನ ಪ್ರಾಣಿಗಳಿಗೆ ಆ ವಿಷ ಗೊತ್ತಿಲ್ಲ. ಕೆಲವು ಕಡೆ ಉಡ ನೂರಕ್ಕೆ ತೊಂಬತ್ತು ಹೋಗಿದಾವೆ, ಕ್ವಾಲ್ ಅಂತ ಚುಕ್ಕೆಚುಕ್ಕೆ ಪ್ರಾಣಿ ಕೂಡ ಎಷ್ಟೋ ಕಡೆ ಕಾಣಿಸ್ತಾನೇ ಇಲ್ಲ. ಹೋದ ಬೇಸಿಗೇಲಿ ನಮ್ ಬ್ರೂನೋ ಹಿತ್ತಲಲ್ಲಿ ಒಂದನ್ನ ಬಾಯಿಗೆ ಹಾಕ್ಕೊಂಡ, ಬಾಯ್ತುಂಬ ನೊರೆ, ಒಸಡು ಕೆಂಪಗಾಗಿ ಕಾಲು ನಡುಗ್ತಿತ್ತು, ಒದ್ದೆ ಬಟ್ಟೇಲಿ ಬಾಯಿ ಒರೆಸ್ತಾ ಒರೆಸ್ತಾನೇ ಡಾಕ್ಟರ್ ಹತ್ರ ಓಡಿದ್ವಿ

ಲತಾ ಅತ್ತೆ: ಅಯ್ಯೋ ಪಾಪ, ಈಗ ಹುಷಾರಾಗಿದಾನಾ

ನಂದಿನಿ: ಹ್ಞೂ ಅತ್ತೆ ಬದುಕ್ಕೊಂಡ

ರಘು: ಜನ ಸೇರಿ ಹಿಡಿದು ಸಾಯಿಸಿದ್ರೆ ಮುಗೀತಲ್ವಾ ಮತ್ತೆ

ನಂದಿನಿ: ಹಿಡೀತಾರೆ, ನಾವೂ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿದೀವಿ. ಆದ್ರೆ ಒಂದು ಹೆಣ್ಣು ಒಂದೇ ಸಲಕ್ಕೆ 8,000ದಿಂದ 30,000ದವರೆಗೆ ಮೊಟ್ಟೆ ಇಡುತ್ತೆ, ನೂರು ಹಿಡಿದ್ರೆ ಉಳಿದವಕ್ಕೆ ಮೇವು ಜಾಸ್ತಿ, ಮರಿಗಳು ಇನ್ನೂ ಚೆನ್ನಾಗಿ ಬದುಕ್ತವೆ. ಇನ್ನೊಂದು ವಿಷಯ, ಹೊಸ ಜಾಗಕ್ಕೆ ಎಲ್ರಿಗಿಂತ ಮುಂದೆ ನುಗ್ಗೋ ಟೋಡ್‌ಗಳಿಗೆ ಕಾಲು ಉದ್ದ. ಓಡೋವು ಓಡೋವೇ ಕೂಡಿ ಮರಿ ಹಾಕ್ತಾ ಹಾಕ್ತಾ ಶುರುನಲ್ಲಿ ವರ್ಷಕ್ಕೆ 10 ಕಿಲೋಮೀಟರ್ ಹರಡ್ತಿದ್ದಿದ್ದು ಆಮೇಲೆ 50 ದಾಟ್ತು, ಅರವತ್ತೆಪ್ಪತ್ತು ವರ್ಷದಲ್ಲೇ

ಶಿವಣ್ಣ ಮಾವ: ನೀನು ಅಲ್ಲಿ ಕೂತ್ಕಂಡು ಹೇಳ್ತೀಯ ಕಣಮ್ಮ, ಇಲ್ಲಿ ಸಾಲ ಮಾಡಿ ಕಬ್ಬು ಹಾಕಿರೋನು ನಾನು. ಏನಾದ್ರೂ ಒಂದು ದಾರಿ ಬ್ಯಾಡ್ವಾ?

ನಂದಿನಿ: ಬೇಕು ಮಾವ, ಆ ಸಂಕಟ ನಂಗೂ ಅರ್ಥ ಆಗುತ್ತೆ. ಆಗ ಇಲ್ಲಿನ ರೈತರೂ ಇದೇ ಸಂಕಟದಲ್ಲೇ ಒಪ್ಪಿದ್ದು. ಔಷಧಿ ಬಾಟ್ಲಿ ಆದ್ರೆ ವಾಪಸ್ ಎತ್ತಿಡಬಹುದು, ಜೀವ ಬಿಟ್ಮೇಲೆ ಎತ್ತಕ್ಕಾಗಲ್ಲ

ಲತಾ ಅತ್ತೆ: ರೀ, ನಮ್ ದುಂಬಿನೂ ಮೊದಲ ಮಳೆ ಬಿದ್ದ ಸಂಜೆ ಬೇವಿನ ಮರದ ಮೇಲೆ ತಾನೆ ಬಂದು ಕೂರೋದು? ಕಪ್ಪೆ ಮರ ಹತ್ತುತ್ತಾ?

ಶಿವಣ್ಣ ಮಾವ: ...ಅದೂ ಸರಿನೇ

ಲತಾ ಅತ್ತೆ: ಈ ಸಲ ಮಳೆ ಆದ್ ದಿನನೇ ಹುಡುಗ್ರನ್ನ ಕರ್ಕಂಡು ಹೋಗಿ ಕೊಂಬೆ ಅಲ್ಲಾಡ್ಸಿ, ಸೀಮೆಎಣ್ಣೆ ನೀರಿಗೆ ಹಾಕ್ಸಿ. ಹೋದ್ ವರ್ಷ ನಾಳೆ ನಾಳೆ ಅಂತ ಬಿಟ್ರಿ. ರಘು, ನೀನು ಬಾರಪ್ಪ ಊರಿಗೆ

ರಘು: ಬರ್ತೀನತ್ತೆ, ಮಳೆ ಬಿದ್ದ ತಕ್ಷಣ ಫೋನ್ ಮಾಡಿ