ಮಗುವಿನ ‘ಕಸ್ಟಡಿ’ಗೆ ಯಾವ ಪದ: ಸುಪರ್ದಿಯೋ, ಅಭಿರಕ್ಷೆಯೋ, ಸಂರಕ್ಷಣೆಯೋ?

ಬಲ್ಲವರಿಗೆ ನಮಸ್ಕಾರ.

ಮಲಯಾಳದಲ್ಲಿ ಬರುವ ಆದೇಶ, ನೋಟಿಸುಗಳನ್ನು ಕಾಸರಗೋಡಿನ ಕನ್ನಡಿಗರಿಗೆ ಓದಿ ಹೇಳುವ ಕೆಲಸ ನನ್ನದು. ಕಳೆದ ವಾರ ಮಂಜೇಶ್ವರದ ಕಡೆಯ ತಾಯಿಯೊಬ್ಬರು ಒಂದು ಕಾಗದ ತಂದರು. ಕನ್ನಡ ಶಾಲೆಯಲ್ಲಿ ಓದಿದವರು. ಮಲಯಾಳವನ್ನು ಅಕ್ಷರ ಕೂಡಿಸಿ ಓದುತ್ತಾರೆ. ‘ಸಂರಕ್ಷಣಂ’ ಎಂಬಲ್ಲಿ ಅವರ ಬೆರಳು ನಿಂತಿತು. “ಇದು ನನಗೆ ಸಿಕ್ಕಿದ ರಕ್ಷಣೆಯೋ, ಮಗುವಿನ ವಿಷಯವೋ?” ಎಂದು ಕೇಳಿದರು.

ಕೇಳಬೇಕಾದ ಮಾತೇ ಅದು. ಕೌಟುಂಬಿಕ ದೌರ್ಜನ್ಯದ ವಿರುದ್ಧದ 2005ರ ಕಾಯ್ದೆಯಲ್ಲಿ 18ನೆಯ ಕಲಮು ಹೆಂಗಸಿಗೆ ಕೊಡುವ ರಕ್ಷಣಾ ಆದೇಶದ್ದು. 21ನೆಯದು ಮಗುವಿನ ತಾತ್ಕಾಲಿಕ ಕಸ್ಟಡಿಯದು. ಮಲಯಾಳದಲ್ಲಿ ಎರಡೂ ಕಡೆ ‘ಸಂರಕ್ಷಣ’ ಬರುತ್ತದೆ. ತಂದೆ ಬಂದರೆ ಮಗುವಿಗೆ ಕೇಡಾದೀತು ಎಂದು ಕಂಡರೆ ಭೇಟಿಯನ್ನೇ ನಿರಾಕರಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇರುವುದೂ ಈ 21ರಲ್ಲಿಯೇ. ಪದ ತಪ್ಪಾಗಿ ತಿಳಿದರೆ ತಾಯಿ ತನ್ನ ಕೈಯಾರೆ ಮಗುವನ್ನು ಅಂಗಳದಲ್ಲಿ ಒಪ್ಪಿಸಿಬಿಡಬಹುದು.

(ಕೌಟುಂಬಿಕ ದೌರ್ಜನ್ಯಕ್ಕೆ ಮಲಯಾಳದಲ್ಲಿರುವ ‘ಗಾರ್ಹಿಕ ಪೀಡನಂ’ ಎಂಬುದನ್ನು ‘ಗೃಹಪೀಡನೆ’ ಎಂದು ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಕನ್ನಡದಲ್ಲಿ ಸಾಲಕ್ಕಾಗಿ ಪೀಡಿಸುವವರೂ ಇದ್ದಾರೆ. ಏಟು ತಿಂದವಳ ಅರ್ಜಿ ಬರಿಯ ಕಿರಿಕಿರಿಯ ದೂರಾಗಿಬಿಡುತ್ತದೆ. ‘ದೌರ್ಜನ್ಯ’ ಎಂದೇ ಇರಲಿ.)

ಕಸ್ಟಡಿಗೆ ‘ವಶ’ ಎಂದರೆ ಪೊಲೀಸರು ನೆನಪಾಗುತ್ತಾರೆ. ‘ಸುಪರ್ದಿ’ ಪಾರಸಿ ಮೂಲದ್ದು, ಒಪ್ಪಿಸಿಕೊಟ್ಟದ್ದು ಎಂಬ ಅರ್ಥ. ಕರ್ನಾಟಕದ ಪತ್ರಿಕೆಗಳಲ್ಲಿ ಸಲೀಸಾಗಿ ಓಡುತ್ತದೆ, ಆದರೆ ನನ್ನಲ್ಲಿಗೆ ಬರುವವರಿಗೆ ಅದನ್ನು ಮತ್ತೆ ಬಿಡಿಸಿ ಹೇಳಬೇಕು. ‘ಅಭಿರಕ್ಷೆ’ ಕಾನೂನಿನ ಪುಸ್ತಕದಿಂದ ಆಚೆಗೆ ಬಂದಿಲ್ಲ. ‘ಪಾಲಕತ್ವ’ವಂತೂ ಬೇರೆಯೇ, ಅದು ಮಗುವಿನ ಪರವಾಗಿ ತೀರ್ಮಾನಿಸುವ ಕಾನೂನಿನ ಅಧಿಕಾರ (ಗಾರ್ಡಿಯನ್‌ಶಿಪ್). 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 6ನೆಯ ಕಲಮು ಪಾಲಕನೆಂದು ಮೊದಲು ತಂದೆಯನ್ನು ಹೆಸರಿಸುತ್ತದೆ. ಅದೇ ಉಸಿರಿನಲ್ಲಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಈ ಎರಡನ್ನು ಒಂದೇ ಪದದಲ್ಲಿ ಕಟ್ಟಿದರೆ ತಾಯಿಗೇ ನಷ್ಟ.

ನಮ್ಮ ಮನೆಗಳಲ್ಲಿ ಕೇಳುವುದು “ಮಗು ಯಾರ ಒಟ್ಟಿಗೆ ಇರುವುದು?” ಎಂದು. ಅದರಲ್ಲಿ ವಶವೂ ಇಲ್ಲ, ಒಪ್ಪಿಸುವುದೂ ಇಲ್ಲ. ಅಂದು ಕಾಗದದ ಅಂಚಿನಲ್ಲಿ ನಾನು ಹೀಗೆ ಬರೆದುಕೊಟ್ಟೆ: ‘ಮುಂದಿನ ಆದೇಶದವರೆಗೆ ಮಗು ತಾಯಿಯ ಒಟ್ಟಿಗೆ ಇರಬೇಕು.’ ಅವರು ಎರಡು ಸಲ ಓದಿ, ಮಡಚಿ ಚೀಲದಲ್ಲಿ ಇಟ್ಟುಕೊಂಡರು.

ಆದರೆ ಅರ್ಜಿಯ ತಲೆಬರಹಕ್ಕೆ ವಾಕ್ಯ ಸಾಲದು, ನಾಮಪದ ಬೇಕು. ಸೊಲ್ಲಾಪುರ, ಹೊಸೂರು, ಮಡಕಶಿರಾ ಕಡೆಯ ಕನ್ನಡಿಗರು ಇದಕ್ಕೆ ಏನೆನ್ನುತ್ತಾರೆ? ಹಳೆಯ ದಸ್ತಾವೇಜುಗಳಲ್ಲಿ ಮಗುವಿಗೆಂದೇ ಬಳಸಿದ ಪದ ಯಾರಾದರೂ ಕಂಡಿದ್ದರೆ, ಅದು ಬಂದ ವಾಕ್ಯದ ಸಮೇತ ತಿಳಿಸಿ.