ಓನರ್ ಕಂಪ್ಯೂಟರಿನಲ್ಲಿ ಟ್ಯಾಲಿ ಸರಿ ಇದೆ, ನಮ್ಮದರಲ್ಲಿ ಮಾತ್ರ ‘ಪರ್ಮಿಷನ್ ಇಲ್ಲ’

ಗೋಣಿಕೊಪ್ಪ_ರೈಟರ್:

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ಕಾಫಿ, ಕರಿಮೆಣಸು ಖರೀದಿ ಮಾಡುವ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮೊದಲು ತೋಟದಲ್ಲಿ ರೈಟರ್ ಆಗಿದ್ದವನು, ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೇ. ಸ್ವಲ್ಪ ಬಿಡಿಸಿ ಹೇಳಿ.

ಒಟ್ಟು ನಾಲ್ಕು ಕಂಪ್ಯೂಟರ್ ಇವೆ. ಓನರ್ ರೂಮಿನಲ್ಲಿ ಇರುವುದನ್ನೇ ಸರ್ವರ್ ಅನ್ನುತ್ತೇವೆ. ಸರ್ವರ್ ಏನಲ್ಲ, ವಿಂಡೋಸ್ 10 ಪ್ರೊ ಹಾಕಿದ ಮಾಮೂಲಿ ಡಬ್ಬ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಪ್ರೈಮ್, ಅದರ ಡೇಟಾ ಆ ಡಬ್ಬದ ಡಿ ಡ್ರೈವ್‌ನಲ್ಲಿದೆ. ನಾವು ಮೂವರು ಅದನ್ನು ನೆಟ್‌ವರ್ಕ್ ಮೂಲಕ ನಮ್ಮ ಕಂಪ್ಯೂಟರಿನಲ್ಲೇ ಇರುವ ಝೆಡ್ ಡ್ರೈವ್ ಅನ್ನುವ ಹಾಗೆ ಮ್ಯಾಪ್ ಮಾಡಿಕೊಂಡು ಬಳಸುತ್ತೇವೆ. ಲೈಸೆನ್ಸ್ ಗೋಲ್ಡ್, ಹಲವರು ಒಟ್ಟಿಗೆ ಬಳಸುವಂಥದ್ದು, ಅದರ ತಕರಾರಿಲ್ಲ.

ಹುತ್ತರಿ ಹಬ್ಬ ಮುಗಿದ ಮೇಲೆ ಒಂದು ಹೊಸ ಕಂಪ್ಯೂಟರ್ ಬಂತು, ವಿಂಡೋಸ್ 11. ಅದನ್ನು ಕೂರಿಸಲು ಬಂದ ಹುಡುಗ ‘ಡಿ ಡ್ರೈವ್ ತುಂಬಾ ಗಲೀಜಾಗಿದೆ ಸರ್’ ಅಂತ ಹೇಳಿ, ಎಲ್ಲಾ ಒಪ್ಪ ಮಾಡಿ, ‘ಲೆಕ್ಕ’ ಅಂತ ಹೊಸ ಫೋಲ್ಡರ್ ಮಾಡಿ, ಅದನ್ನು ಷೇರ್ ಮಾಡಿ ಹೋದ. ಅವತ್ತಿನಿಂದ ಶುರು.

ಓನರ್ ಕಂಪ್ಯೂಟರಿನಲ್ಲಿ ಎಲ್ಲವೂ ಸರಿ. ನನ್ನದರಲ್ಲಿ ವ್ಯಾಪಾರದ ಕಂಪನಿ (ಟ್ಯಾಲಿಯಲ್ಲಿ ಒಂದೊಂದು ಲೆಕ್ಕದ ಪುಸ್ತಕಕ್ಕೂ ಕಂಪನಿ ಅನ್ನುತ್ತಾರೆ) ಹೆಸರು ಕಾಣುತ್ತದೆ, ತೆರೆಯಲು ಹೋದರೆ ಎರರ್. ತೋಟದ ಲೆಕ್ಕದ ಎರಡು ಕಂಪನಿಗಳು ಲಿಸ್ಟ್‌ನಲ್ಲೇ ಇಲ್ಲ. ಇಷ್ಟು ದಿನ ಅವನ್ನು ಓನರ್ ಒಬ್ಬರೇ ನೋಡುತ್ತಿದ್ದರು, ಈ ವರ್ಷದಿಂದ ಅದೂ ನಿನ್ನದೇ ಅಂದಿದ್ದಾರೆ. ಹೊಸ ಕಂಪ್ಯೂಟರ್ ಅಂತೂ ಝೆಡ್ ಡ್ರೈವ್ ಮುಟ್ಟಿದರೆ ಸಾಕು, ಯೂಸರ್ ನೇಮ್ ಪಾಸ್‌ವರ್ಡ್ ಕೇಳುತ್ತದೆ. ಓನರ್ ತಮ್ಮ ಕಂಪ್ಯೂಟರ್ ತೆರೆಯುವ ಪಿನ್ ಹೇಳಿದರು. ಹಾಕಿದರೆ ತಪ್ಪು ಅನ್ನುತ್ತದೆ.

ಹುಡುಗ ಫೋನ್ ಎತ್ತುತ್ತಿಲ್ಲ. ರೋಬಸ್ಟಾ ಕೊಯ್ಲು ಶುರುವಾಗಿ ಚೆರಿ ಬರುತ್ತಲೇ ಇದೆ. ಬಿಲ್ಲೆಲ್ಲ ಕೈಯಲ್ಲಿ ಬರೆದು ಕಟ್ಟು ಕಟ್ಟಿ ಇಟ್ಟಿದ್ದೇನೆ, 11ನೇ ತಾರೀಖಿಗೆ ಮಾರಾಟದ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-1 ಬೇರೆ ಹಾಕಬೇಕು. ಓನರ್ ಊಟಕ್ಕೆ ಹೋದಾಗ ಅವರ ಕುರ್ಚಿಯಲ್ಲಿ ಕೂತು ಎಂಟ್ರಿ ಮಾಡುತ್ತಿದ್ದೇನೆ, ಅವರು ಬಂದ ತಕ್ಷಣ ಏಳಬೇಕು. ಇದು ಟ್ಯಾಲಿ ತಪ್ಪಾ, ವಿಂಡೋಸ್ ತಪ್ಪಾ, ವೈರ್ ತಪ್ಪಾ?

ಬೆಟ್ಟದ_ಹುಡುಗ:

ಸಿಂಪಲ್ ಅಣ್ಣ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎವ್ರಿವನ್‌ಗೆ, ಅಂದರೆ ಎಲ್ಲರಿಗೂ, ಫುಲ್ ಕಂಟ್ರೋಲ್ ಕೊಡಿ. ಟ್ಯಾಲಿ ಐಕಾನ್ ಮೇಲೆ ರನ್ ಆಸ್ ಅಡ್ಮಿನಿಸ್ಟ್ರೇಟರ್ ಒತ್ತಿ. ಆಂಟಿವೈರಸ್, ಫೈರ್‌ವಾಲ್ ಎರಡೂ ಆಫ್. ಮಡಿಕೇರಿಯಲ್ಲಿ ನಮ್ಮ ಅಂಗಡಿ ಮೂರು ವರ್ಷದಿಂದ ಹೀಗೇ ನಡೆಯುತ್ತಿದೆ.

ಗೋಣಿಕೊಪ್ಪ_ರೈಟರ್:

ತಮ್ಮಾ, ನನ್ನ ಕಂಪ್ಯೂಟರಿನಲ್ಲಿ ಆ ರನ್ ಆಸ್ ಅಡ್ಮಿನಿಸ್ಟ್ರೇಟರ್ ಒತ್ತಿ ನೋಡಿದೆ. ಈಗ ಟ್ಯಾಲಿ ಒಳಗೆ ಝೆಡ್ ಡ್ರೈವೇ ಇಲ್ಲ. ಇದ್ದದ್ದೂ ಹೋಯಿತು.

ಕುಶಾಲನಗರ_ಕೇಬಲ್:

ರೈಟ್ರೇ, ಗಾಬರಿ ಬೇಡ, ಝೆಡ್ ಎಲ್ಲಿಗೂ ಹೋಗಿಲ್ಲ. ಟ್ಯಾಲಿ ಮುಚ್ಚಿ ಮಾಮೂಲಿಯಾಗಿ ತೆರೆಯಿರಿ, ವಾಪಸ್ ಬರುತ್ತದೆ. ನೀವು ಮ್ಯಾಪ್ ಮಾಡಿದ ಡ್ರೈವ್ ನಿಮ್ಮ ಮಾಮೂಲಿ ಲಾಗಿನ್‌ಗೆ ಸೇರಿದ್ದು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪ್ರೋಗ್ರಾಂ ವಿಂಡೋಸ್ ಲೆಕ್ಕದಲ್ಲಿ ಬೇರೆ ಆಸಾಮಿ, ಅವನಿಗೆ ನಿಮ್ಮ ಝೆಡ್ ಗೊತ್ತೇ ಇರುವುದಿಲ್ಲ. ಅದೂ ಅಲ್ಲದೆ ಬೀಗ ಇರುವುದು ಓನರ್ ಕಂಪ್ಯೂಟರಿನಲ್ಲಿ. ನಿಮ್ಮ ಮನೆಗೆ ನೀವೇ ಯಜಮಾನರಾದರೂ ಪಕ್ಕದ ಮನೆ ಬೀಗ ತೆಗೆಯಲು ಆಗುತ್ತದಾ?

ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಓನರ್‌ಗೆ ಸರಿ, ಮಿಕ್ಕವರಿಗೆ ಇಲ್ಲ. ಷೇರ್ ಮಾಡಿದ ಫೋಲ್ಡರ್‌ಗೆ ಎರಡು ಕಡೆ ತಡೆ ಇರುತ್ತದೆ. ಒಂದು ಷೇರ್ ಪರ್ಮಿಷನ್, ಇದು ತೋಟದ ಗೇಟು ಇದ್ದ ಹಾಗೆ, ರಸ್ತೆಯಿಂದ ಬರುವವರಿಗೆ ಮಾತ್ರ ಅಡ್ಡ. ಇನ್ನೊಂದು ಫೋಲ್ಡರಿನದೇ ಸೆಕ್ಯುರಿಟಿ ಪರ್ಮಿಷನ್, ಅದು ಮನೆ ಬಾಗಿಲು, ಎಲ್ಲರಿಗೂ ಒಂದೇ. ನೀವು ನೆಟ್‌ವರ್ಕ್‌ನಿಂದ ಬರುವವರು, ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಓನರ್ ಮನೆ ಒಳಗೇ ಕೂತಿದ್ದಾರೆ, ಗೇಟು ಮುಚ್ಚಿದ್ದರೂ ಅವರಿಗೆ ಗೊತ್ತೇ ಆಗುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ನೋಡಿ ‘ಎಲ್ಲಾ ಸರಿ ಇದೆ’ ಅಂತ ಹುಡುಗ ಹೋಗಿರುವುದೂ ಅದಕ್ಕೇ. ಟ್ಯಾಲಿ ಪಾಸ್‌ವರ್ಡ್ ಇವೆರಡೂ ದಾಟಿದ ಮೇಲಿನ ಮಾತು.

ಒಂದು ಪರೀಕ್ಷೆ ಮಾಡಿ. ಟ್ಯಾಲಿ ಪಕ್ಕಕ್ಕಿಡಿ. ನಿಮ್ಮ ಕಂಪ್ಯೂಟರಿನಿಂದ ಝೆಡ್ ಡ್ರೈವ್ ತೆರೆದು ನೋಟ್‌ಪ್ಯಾಡ್‌ನಲ್ಲಿ ಏನಾದರೂ ಬರೆದು ಅಲ್ಲೇ ಸೇವ್ ಮಾಡಿ. ಆಗದಿದ್ದರೆ ಟ್ಯಾಲಿಯಲ್ಲಿ ಏನೇ ಬದಲಾಯಿಸಿದರೂ ವ್ಯರ್ಥ. ಇನ್ನೊಂದು, ಹುಡುಗ ಡೇಟಾ ಹೇಗೆ ಸಾಗಿಸಿದ ಅಂತ ಓನರ್ ಹತ್ತಿರ ಕೇಳಿ. ಕಟ್ ಪೇಸ್ಟಾ, ಕಾಪಿಯಾ, ಬ್ಯಾಕಪ್‌ನಿಂದ ರೀಸ್ಟೋರಾ? ಇದು ಮುಖ್ಯ.

ವೀರಾಜಪೇಟೆ_ಲೆಡ್ಜರ್:

ಬೆಟ್ಟದ ಹುಡುಗ, ಬೇಜಾರು ಮಾಡಿಕೊಳ್ಳಬೇಡಪ್ಪ, ಆದರೆ ಇಂಥದ್ದೇ ಸಲಹೆ ಕೇಳಿ ನಾನು ಒಂದು ಸಲ ಪೆಟ್ಟು ತಿಂದಿದ್ದೇನೆ. ಎವ್ರಿವನ್, ಫುಲ್ ಕಂಟ್ರೋಲ್, ಎಲ್ಲಾ ಸಲೀಸು. ಒಂದು ದಿನ ಆಫೀಸಿಗೆ ಹೊಸದಾಗಿ ಬಂದ ಹುಡುಗಿ ತನ್ನ ಫೋಟೋಗಳಿಗೆ ಜಾಗ ಇಲ್ಲ ಅಂತ ಹುಡುಕಿ, ಐದಂಕಿ ನಂಬರಿನ ಯಾವುದೋ ಫೋಲ್ಡರ್ ಸುಮ್ನೆ ಬಿದ್ದಿದೆ ಅಂದುಕೊಂಡು ಡಿಲೀಟ್ ಮಾಡಿದಳು. ಟ್ಯಾಲಿ ಒಂದೊಂದು ಕಂಪನಿಗೂ 10000, 10001 ಅಂತ ನಂಬರಿನ ಫೋಲ್ಡರ್ ಮಾಡುತ್ತದೆ ಅಂತ ಅವಳಿಗೆ ಯಾರು ಹೇಳಿದ್ದರು? ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೂ ಬರುವುದಿಲ್ಲ. ಹನ್ನೊಂದು ದಿನದ ಎಂಟ್ರಿ ಮತ್ತೆ ಹಾಕಿದೆವು.

ರೈಟರ್ ಅಣ್ಣ, ನಿಮ್ಮದರಲ್ಲಿ ನನಗೆ ಇನ್ನೊಂದು ಚುಚ್ಚುತ್ತಿದೆ. ತೋಟದ ಲೆಕ್ಕ ಓನರ್ ಒಬ್ಬರೇ ನೋಡುತ್ತಿದ್ದರು ಅಂದಿರಿ. ಅದನ್ನು ಈಗ ಎಲ್ಲರೂ ಬಳಸುವ ಫೋಲ್ಡರ್‌ಗೆ ತಂದು ಹಾಕಿದ್ದಾರೆ. ಬಾಗಿಲು ತೆಗೆಯುವ ಭರದಲ್ಲಿ ಮಿಕ್ಕ ಇಬ್ಬರಿಗೂ ಅದು ಕಾಣುವ ಹಾಗೆ ಆಗುತ್ತದೆ. ಓನರ್‌ಗೆ ಅದು ಒಪ್ಪಿಗೆಯಾ, ಮೊದಲು ಕೇಳಿ.

ಗೋಣಿಕೊಪ್ಪ_ರೈಟರ್:

ಕೇಬಲ್ ಅಣ್ಣ, ನೋಟ್‌ಪ್ಯಾಡ್ ಸೇವ್ ಆಗಲಿಲ್ಲ, ಪರ್ಮಿಷನ್ ಇಲ್ಲ ಅಂತಲೇ ಬಂತು. ಹಳೇ ಫೈಲ್ ತೆರೆದು ಓದಲು ಮಾತ್ರ ಆಗುತ್ತದೆ. ಓನರ್ ಹೇಳಿದ್ದು ಏನೆಂದರೆ, ವ್ಯಾಪಾರದ ಕಂಪನಿಯನ್ನು ಬ್ಯಾಕಪ್‌ನಿಂದ ರೀಸ್ಟೋರ್ ಮಾಡಿದ್ದು, ತೋಟದ ಎರಡನ್ನು ಡಿ ಡ್ರೈವ್‌ನಲ್ಲೇ ಇದ್ದ ಅವರ ಸ್ವಂತ ಫೋಲ್ಡರಿನಿಂದ ಕಟ್ ಪೇಸ್ಟ್ ಮಾಡಿದ್ದು.

ಲೆಡ್ಜರ್ ಅಕ್ಕ, ಕೇಳಿದೆ. ‘ತೋಟದ್ದು ನೀನು, ನಾನು ಅಷ್ಟೇ, ಬೇರೆ ಯಾರಿಗೂ ಬೇಡ’ ಅಂದರು. ನೀವು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ.

ಕುಶಾಲನಗರ_ಕೇಬಲ್:

ಸಿಕ್ಕಿತು. ನಿಮಗೆ ಇರುವುದು ಒಂದು ತೊಂದರೆ ಅಲ್ಲ, ಮೂರು. ಒಟ್ಟಿಗೆ ಬಂದದ್ದರಿಂದ ಒಂದೇ ಅನ್ನಿಸಿದೆ.

ವ್ಯಾಪಾರದ ಕಂಪನಿಗೆ ಗೇಟಿನ ತಕರಾರು. ಅಡ್ವಾನ್ಸ್ಡ್ ಷೇರಿಂಗ್‌ನಲ್ಲಿ ಫೋಲ್ಡರ್ ಷೇರ್ ಮಾಡಿದರೆ ವಿಂಡೋಸ್ ತಾನಾಗಿ ಕೊಡುವುದು ಎವ್ರಿವನ್‌ಗೆ ರೀಡ್ ಮಾತ್ರ. ಓದಬಹುದು, ಬರೆಯುವ ಹಾಗಿಲ್ಲ. ರಿಪೋರ್ಟ್ ನೋಡಲು ರೀಡ್ ಸಾಕಲ್ವಾ ಅನ್ನಿಸುತ್ತದೆ, ಸಾಕಾಗುವುದಿಲ್ಲ. ನಾಲ್ಕು ಜನ ಒಟ್ಟಿಗೆ ಬಳಸುವ ಡೇಟಾದಲ್ಲಿ ಯಾರು ಒಳಗಿದ್ದಾರೆ ಅನ್ನುವ ಗುರುತಿಗಾದರೂ ಟ್ಯಾಲಿ ಆ ಫೋಲ್ಡರಿನಲ್ಲಿ ಬರೆಯಲೇಬೇಕು.

ತೋಟದ ಕಂಪನಿಗಳದ್ದು ಬಾಗಿಲಿನ ತಕರಾರು. ಒಂದೇ ಡ್ರೈವ್ ಒಳಗೆ ಕಟ್ ಪೇಸ್ಟ್ ಮಾಡಿದರೆ ಫೋಲ್ಡರ್ ತನ್ನ ಹಳೇ ಬೀಗ ಹೊತ್ತುಕೊಂಡೇ ಹೋಗುತ್ತದೆ. ಕಾಪಿ ಮಾಡಿದ್ದರೆ ಹೊಸ ಜಾಗದ ಬೀಗ ಬೀಳುತ್ತಿತ್ತು. ಓನರ್ ಒಬ್ಬರಿಗೇ ಇದ್ದ ಬೀಗ ಹಾಗೇ ಉಳಿದಿದೆ, ಅದಕ್ಕೇ ನಿಮಗೆ ಆ ಕಂಪನಿಗಳು ಲಿಸ್ಟ್‌ನಲ್ಲೇ ಇಲ್ಲ. ಎಷ್ಟೋ ವರ್ಷ ಕೆಲಸ ಮಾಡಿದವರಿಗೂ ಇದು ಮರೆತುಹೋಗುತ್ತದೆ, ಹುಡುಗನನ್ನು ಜಾಸ್ತಿ ಬೈಯಬೇಡಿ.

ಹೊಸ ಕಂಪ್ಯೂಟರ್ ಕೇಳುತ್ತಿರುವುದು ಪಾಸ್‌ವರ್ಡ್, ಪಿನ್ ಅಲ್ಲ. ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ, ನೆಟ್‌ವರ್ಕ್ ಮೇಲೆ ನಡೆಯುವುದಿಲ್ಲ. ಓನರ್ ಪಾಸ್‌ವರ್ಡ್ ಕೊಟ್ಟರೆ ತೆರೆಯಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಓನರ್ ಕಂಪ್ಯೂಟರಿನಲ್ಲೇ ನಿಮ್ಮ ಮೂವರಿಗೂ ಬೇರೆ ಬೇರೆ ಲೋಕಲ್ ಯೂಸರ್ ಮಾಡಿ ಪಾಸ್‌ವರ್ಡ್ ಇಡಿ. ಅಡ್ಮಿನ್ ಅಲ್ಲ, ಸ್ಟ್ಯಾಂಡರ್ಡ್ ಯೂಸರ್ ಸಾಕು.

ಕೆಲಸ ಹೀಗೆ ಮಾಡಿ. ಎಲ್ಲರೂ ಟ್ಯಾಲಿ ಮುಚ್ಚಲಿ. ಮೊದಲು ಮೂರೂ ಕಂಪನಿಯ ಬ್ಯಾಕಪ್ ಪೆನ್ ಡ್ರೈವ್‌ಗೆ ತೆಗೆಯಿರಿ, ಅದಾಗುವ ತನಕ ಏನನ್ನೂ ಮುಟ್ಟಬೇಡಿ. ಆಮೇಲೆ ‘ಲೆಕ್ಕ’ ಪಕ್ಕದಲ್ಲಿ ‘ತೋಟ’ ಅಂತ ಇನ್ನೊಂದು ಫೋಲ್ಡರ್ ಮಾಡಿ, ಎರಡು ಕಂಪನಿಗಳನ್ನು ಅಲ್ಲಿಗೆ ಕಾಪಿ ಮಾಡಿ, ಕಟ್ ಬೇಡ. ಓನರ್ ಕಂಪ್ಯೂಟರಿನಲ್ಲಿ ಅವು ತೆರೆಯುತ್ತವೆ ಅಂತ ನೋಡಿಕೊಂಡ ಮೇಲೆಯೇ ‘ಲೆಕ್ಕ’ದಿಂದ ತೆಗೆಯಿರಿ. ಇಲ್ಲದಿದ್ದರೆ ನೀವು ಒಂದು ಕಡೆ, ಓನರ್ ಇನ್ನೊಂದು ಕಡೆ ಎಂಟ್ರಿ ಹಾಕಿ ಎರಡು ಲೆಕ್ಕ ಆಗುತ್ತದೆ. ಎರಡು ಫೋಲ್ಡರನ್ನೂ ಬೇರೆ ಬೇರೆ ಷೇರ್ ಮಾಡಿ. ಷೇರ್ ಪರ್ಮಿಷನ್‌ನಲ್ಲಿ ಎವ್ರಿವನ್ ತೆಗೆದು ಹೆಸರು ಹಿಡಿದು ಚೇಂಜ್ (ಓದಲೂ ಬರೆಯಲೂ ಬಿಡುವುದು) ಕೊಡಿ. ‘ಲೆಕ್ಕ’ಕ್ಕೆ ನಿಮ್ಮ ಮೂವರು ಮತ್ತು ಓನರ್, ‘ತೋಟ’ಕ್ಕೆ ನೀವು ಮತ್ತು ಓನರ್. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಅದೇ ಹೆಸರುಗಳಿಗೆ ಮಾಡಿಫೈ ಕೊಡಿ. ಫುಲ್ ಕಂಟ್ರೋಲ್ ಬೇಡ, ಅದು ಕೊಟ್ಟರೆ ಅವರೇ ಪರ್ಮಿಷನ್ ಬದಲಾಯಿಸಬಹುದು.

‘ತೋಟ’ಕ್ಕೆ ಒಂದು ಹೆಜ್ಜೆ ಜಾಸ್ತಿ ಇದೆ. ಡಿ ಡ್ರೈವ್‌ನಿಂದ ತಾನಾಗಿ ಇಳಿದು ಬರುವ ಪರ್ಮಿಷನ್ ಅಲ್ಲಿ ಇರುತ್ತದೆ, ಸಾಮಾನ್ಯವಾಗಿ ಯೂಸರ್ಸ್, ಅಥೆಂಟಿಕೇಟೆಡ್ ಯೂಸರ್ಸ್ ಅಂತ. ಸೆಕ್ಯುರಿಟಿಯ ಅಡ್ವಾನ್ಸ್ಡ್‌ನಲ್ಲಿ ಇನ್‌ಹೆರಿಟೆನ್ಸ್ ನಿಲ್ಲಿಸಿ ಆ ಎರಡು ಸಾಲು ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಈ ಕೆಲಸ ಆ ಫೋಲ್ಡರಿಗೆ ಮಾತ್ರ, ಪೂರ್ತಿ ಡಿ ಡ್ರೈವ್ ಮೇಲೆ ಮಾಡಿ ಕೂತವರನ್ನು ನೋಡಿದ್ದೇನೆ.

ಬೆಟ್ಟದ_ಹುಡುಗ:

ಕೇಬಲ್ ಅಣ್ಣ, ಇಷ್ಟೆಲ್ಲಾ ಯಾಕೆ, ಪಾಸ್‌ವರ್ಡ್ ಪ್ರೊಟೆಕ್ಟೆಡ್ ಷೇರಿಂಗ್ ಆಫ್ ಮಾಡಿದರೆ ಪಾಸ್‌ವರ್ಡೇ ಕೇಳುವುದಿಲ್ಲ ಅಲ್ವಾ? ನಮ್ಮಲ್ಲಿ ಹಾಗೇ ಇರುವುದು.

ಕುಶಾಲನಗರ_ಕೇಬಲ್:

ನಿಮ್ಮಲ್ಲಿ ಎಲ್ಲಾ ಹಳೇ ಕಂಪ್ಯೂಟರ್ ಇರಬೇಕು. ಹಾಗೆ ಮಾಡಿದರೆ ಎಲ್ಲರೂ ಗೆಸ್ಟ್ ಆಗಿ, ಅಂದರೆ ಹೆಸರು ಪಾಸ್‌ವರ್ಡ್ ಇಲ್ಲದೆ, ಒಳಗೆ ಬರುತ್ತಾರೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಕೂಡ ಹಾಗೆ ಗೆಸ್ಟ್ ಆಗಿ ಹೋಗಲು ಒಪ್ಪುವುದಿಲ್ಲ. ಒಪ್ಪಿಸುವ ದಾರಿ ನೆಟ್‌ನಲ್ಲಿ ಸಿಗುತ್ತದೆ, ನಾನಂತೂ ಹೇಳಿಕೊಡುವುದಿಲ್ಲ. ನೀವು ಒಂದು ಹೊಸ ಕಂಪ್ಯೂಟರ್ ತಂದ ದಿನ ಇಲ್ಲೇ ಬಂದು ಇದೇ ಪ್ರಶ್ನೆ ಕೇಳುತ್ತೀರಿ, ನೋಡೋಣ.

ರೈಟ್ರೇ, ಓನರ್‌ಗೆ ಒಂದು ಮಾತು ಹಾಕಿಡಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಲ್ಲರ ಲೆಕ್ಕವೂ ಇರುವ ಡಬ್ಬ ಅದೇ ಅಲ್ವಾ.

ಸೋಮವಾರಪೇಟೆ_ಮಿಂಚು:

ನಡುವೆ ಬಾಯಿ ಹಾಕುತ್ತಿದ್ದೇನೆ. ಝೆಡ್ ಡ್ರೈವ್ ಮ್ಯಾಪ್ ಮಾಡುವಾಗ ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ) ಬದಲು ಕಂಪ್ಯೂಟರ್ ಹೆಸರು ಹಾಕಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ರೂಟರ್ ಬೇರೆ ನಂಬರ್ ಕೊಡುತ್ತಿತ್ತು, ಪ್ರತಿ ಸಲವೂ ಪರ್ಮಿಷನ್ ಹೋಯಿತು ಅಂತ ಗಲಾಟೆ. ಪರ್ಮಿಷನ್ ಅಲ್ಲ, ವಿಳಾಸವೇ ತಪ್ಪು. ಒಂದು ಸಲ ಸಿಡಿಲಿಗೆ ರೂಟರ್ ಸುಟ್ಟು ಹೊಸದು ಹಾಕಿದಾಗ ಸರ್ವರ್ ಕಂಪ್ಯೂಟರ್ ಅದನ್ನು ಪಬ್ಲಿಕ್ ನೆಟ್‌ವರ್ಕ್ ಅಂತ ಹಿಡಿದುಕೊಂಡು ಷೇರಿಂಗನ್ನೇ ಮುಚ್ಚಿಬಿಟ್ಟಿತ್ತು. ಪ್ರೈವೇಟ್ ಅಂತ ಬದಲಾಯಿಸಿದ ಮೇಲೆ ಸರಿಹೋಯಿತು. ಅದಕ್ಕೆ ಫೈರ್‌ವಾಲ್ ಆಫ್ ಮಾಡುವ ಅಗತ್ಯ ಇಲ್ಲ. ಓನರ್ ಕಂಪ್ಯೂಟರಿನಲ್ಲಿ ಸ್ಲೀಪ್ ಕೂಡ ತೆಗೆಸಿ, ಅವರು ಊಟಕ್ಕೆ ಹೋದಾಗ ಅದೂ ನಿದ್ದೆ ಹೊಡೆದರೆ ನಿಮ್ಮ ಎಂಟ್ರಿ ಅರ್ಧಕ್ಕೆ ನಿಲ್ಲುತ್ತದೆ.

ವೀರಾಜಪೇಟೆ_ಲೆಡ್ಜರ್:

ವಿಂಡೋಸ್ ಮುಗಿದ ಮೇಲೆ ಟ್ಯಾಲಿ ಒಳಗೂ ಒಂದು ಸಲ ನೋಡಿ. ಎಲ್ಲರೂ ಓನರ್ ಯೂಸರ್‌ನಲ್ಲೇ ಒಳಗೆ ಹೋಗುತ್ತಿದ್ದೀರಿ ಅಂತ ನನ್ನ ಅನುಮಾನ, ಹೆಚ್ಚಿನ ಆಫೀಸ್‌ಗಳಲ್ಲಿ ಹಾಗೇ ಇರುತ್ತದೆ. ಆಲ್ಟ್ ಕೆ ಒತ್ತಿದರೆ ಯೂಸರ್ ರೋಲ್ಸ್, ಯೂಸರ್ಸ್ ಅಂಡ್ ಪಾಸ್‌ವರ್ಡ್ಸ್ ಸಿಗುತ್ತವೆ. ಎಂಟ್ರಿ ಹಾಕುವವರಿಗೆ ಡಾಟಾ ಎಂಟ್ರಿ ರೋಲ್ ಕೊಡಿ, ಎಷ್ಟು ದಿನ ಹಿಂದಿನ ತಾರೀಖಿಗೆ ವೋಚರ್ ಹಾಕಬಹುದು ಅಂತ ಅಲ್ಲೇ ಮಿತಿ ಇಡಬಹುದು. ಕಂಪನಿ ಕಾಯ್ದೆಯಡಿ ನೋಂದಣಿ ಆದ ಕಂಪನಿಗಳಿಗೆ ಯಾರು ಯಾವಾಗ ಏನು ತಿದ್ದಿದರು ಅನ್ನುವ ಎಡಿಟ್ ಲಾಗ್ 2023ರ ಏಪ್ರಿಲ್ 1ರಿಂದ ಕಡ್ಡಾಯ. ನಿಮ್ಮದು ಪಾರ್ಟ್ನರ್‌ಶಿಪ್ ಇದ್ದರೆ ಆ ನಿಯಮ ಇಲ್ಲ. ಆದರೂ ಎಲ್ಲರೂ ಒಂದೇ ಹೆಸರಿನಲ್ಲಿ ಹೋದರೆ, ನಾಳೆ ಒಂದು ಬಿಲ್ ತಪ್ಪಾದಾಗ ಅಷ್ಟೂ ಓನರ್ ಹೆಸರಲ್ಲೇ ಕಾಣುತ್ತದೆ. ಮತ್ತೆ, ಕಂಪನಿಯ ಡೇಟಾಕ್ಕೇ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಮಾತ್ರ ಹುಷಾರು, ಅದು ಮರೆತರೆ ಡೇಟಾ ತೆರೆಯುವುದೇ ಇಲ್ಲ.

ಗೋಣಿಕೊಪ್ಪ_ರೈಟರ್:

ನಿನ್ನೆ ಸಂಜೆ ಎಲ್ಲರನ್ನೂ ಎಬ್ಬಿಸಿ ಕೂತೆ. ಬ್ಯಾಕಪ್ ಆಯಿತು, ‘ತೋಟ’ ಬೇರೆ ಆಯಿತು, ಯೂಸರ್ ಮೂರು ಆಯಿತು. ಹೊಸ ಕಂಪ್ಯೂಟರ್ ಮೊದಲ ಸಲಕ್ಕೇ ಒಳಗೆ ಬಿಟ್ಟಿತು! ನನ್ನದೇ ಕಂಪ್ಯೂಟರ್ ಹಟ ಹಿಡಿಯಿತು, ಒಂದೇ ಕಂಪ್ಯೂಟರಿಗೆ ಎರಡು ಹೆಸರಿನಲ್ಲಿ ಹೋಗಲು ಆಗುವುದಿಲ್ಲ ಅನ್ನುವ ಅರ್ಥದ ಏನೋ ಎರರ್. ಏನು ಮಾಡಲಿ?

ಕುಶಾಲನಗರ_ಕೇಬಲ್:

ಹಳೇ ಹೆಸರಿನ ಸಂಪರ್ಕ ಇನ್ನೂ ಹಿಡಿದುಕೊಂಡಿದೆ. ಝೆಡ್ ಡಿಸ್ಕನೆಕ್ಟ್ ಮಾಡಿ. ಕಂಟ್ರೋಲ್ ಪ್ಯಾನಲ್‌ನಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ (ವಿಂಡೋಸ್ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಜಾಗ) ತೆರೆದು ಓನರ್ ಕಂಪ್ಯೂಟರ್ ಹೆಸರಿನಲ್ಲಿ ಏನಿದೆಯೋ ತೆಗೆದುಹಾಕಿ. ಸೈನ್ ಔಟ್ ಆಗಿ ಮತ್ತೆ ಬಂದು ಹೊಸ ಹೆಸರಿನಿಂದ ಮ್ಯಾಪ್ ಮಾಡಿ.

ಗೋಣಿಕೊಪ್ಪ_ರೈಟರ್:

ಬಂತು ಅಣ್ಣ. ಮೂರು ಕಂಪನಿಯೂ ತೆರೆಯಿತು, ಒಂದು ಚೆರಿ ಬಿಲ್ ಹಾಕಿ ಸೇವ್ ಮಾಡಿ ನೋಡಿದೆ, ಓನರ್ ಕಂಪ್ಯೂಟರಿನಲ್ಲೂ ಕಾಣುತ್ತದೆ. ಪಕ್ಕದವರ ಕಂಪ್ಯೂಟರಿನಿಂದ ‘ತೋಟ’ ತೆರೆಯಲು ಹೋದರೆ ಪರ್ಮಿಷನ್ ಇಲ್ಲ ಅನ್ನುತ್ತದೆ, ಅದನ್ನು ನೋಡಿ ಓನರ್‌ಗೆ ಬಲು ಖುಷಿ. ಲೆಡ್ಜರ್ ಅಕ್ಕನ ಅನುಮಾನ ನಿಜ, ನಾವು ನಾಲ್ಕೂ ಜನ ಓನರ್ ಹೆಸರಿನಲ್ಲೇ ಹೋಗುತ್ತಿದ್ದೆವು. ಅದನ್ನು ಈ ಭಾನುವಾರ ಸರಿ ಮಾಡುತ್ತೇನೆ. ಈಗ ಎರಡು ಕಟ್ಟು ಬಿಲ್ ಬಾಕಿ ಇದೆ, ನನ್ನ ಕುರ್ಚಿಯಲ್ಲೇ ಕೂತು ಹಾಕುತ್ತೇನೆ.

ಕುಶಾಲನಗರ_ಕೇಬಲ್:

ಆ ಬ್ಯಾಕಪ್ ಪೆನ್ ಡ್ರೈವ್ ಕಂಪ್ಯೂಟರಿಗೇ ಸಿಕ್ಕಿಸಿ ಬಿಟ್ಟಿದ್ದರೆ ಎಳೆದು ಓನರ್ ಮನೆಗೆ ಕಳಿಸಿ.